ಗ್ಯಾರಂಟಿ ಯೋಜನೆಗಳ ಹಣ ಮತ್ತು ಮಲೆನಾಡಿನ ನೆಟ್‌ವರ್ಕ್: ಬಜೆಟ್ಟಿನಲ್ಲಿ ಇವೆರಡನ್ನೂ ಒಟ್ಟಿಗೆ ನೋಡಬೇಕಲ್ಲವೇ?

ಹೊಸನಗರ ತಾಲ್ಲೂಕಿನ ಶಿಕ್ಷಕ (ಚರ್ಚೆ ಆರಂಭಿಸಿದವರು)

ಈ ವಿಷಯವನ್ನು ಪಕ್ಷಗಳ ಜಗಳವಾಗಿಸದೆ ಚರ್ಚಿಸಬೇಕೆಂದು ಮೊದಲಿಗೇ ಕೋರುತ್ತೇನೆ.

2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ನಿರುದ್ಯೋಗಿ ಯುವಜನರಿಗೆ ಭತ್ಯೆ ಕೊಡುವ ಯುವನಿಧಿಗೆ ಚಾಲನೆ ಸಿಕ್ಕಿತು. ಅಲ್ಲಿಗೆ ರಾಜ್ಯ ಸರ್ಕಾರದ ಐದೂ ಗ್ಯಾರಂಟಿಗಳು ಜಾರಿಗೆ ಬಂದಂತಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಅರ್ಜಿ ಹಾಕಬೇಕಾದದ್ದು ಸೇವಾ ಸಿಂಧು ಪೋರ್ಟಲ್ಲಿನಲ್ಲಿ. ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಫಲಾನುಭವಿಯೇ ಆಗಾಗ ಘೋಷಿಸಿಕೊಳ್ಳಬೇಕಾದದ್ದೂ ಆನ್‌ಲೈನಿನಲ್ಲೇ. ನನ್ನ ಬಳಿ ಓದಿದ ಹುಡುಗನೊಬ್ಬ ಇದಕ್ಕಾಗಿ ಮನೆಯಿಂದ ಗುಡ್ಡ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತಾನೆ. ಒಟಿಪಿ ಅವನ ಮೊಬೈಲಿಗೆ ಬಂದು ತಲುಪುವ ಹೊತ್ತಿಗೆ ಪೋರ್ಟಲ್ಲಿನ ಅವಧಿ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮಳೆಗಾಲದಲ್ಲಿ ಆ ಜಾಗದಲ್ಲೂ ಸಿಗ್ನಲ್ ಇರುವುದಿಲ್ಲ.

ಗೃಹಲಕ್ಷ್ಮಿಗೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಮತ್ತು ಇ-ಕೆವೈಸಿ (ಆನ್‌ಲೈನಿನಲ್ಲಿ ಗುರುತಿನ ದೃಢೀಕರಣ) ಬೇಕು, ಅನ್ನಭಾಗ್ಯದ ಅಕ್ಕಿಗೆ ಯಂತ್ರದ ಮೇಲೆ ಹೆಬ್ಬೆಟ್ಟು ಬೇಕು, ಗೃಹಜ್ಯೋತಿಗೂ ಆನ್‌ಲೈನ್ ನೋಂದಣಿಯಾಗಿರಬೇಕು. ಸವಲತ್ತನ್ನು ಇಂಟರ್ನೆಟ್ ಮೂಲಕವೇ ಕೊಡುವುದೆಂದು ಸರ್ಕಾರ ತೀರ್ಮಾನಿಸಿದ ಮೇಲೆ, ಆ ಇಂಟರ್ನೆಟ್ಟನ್ನು ಊರಿಗೆ ತರುವ ಖರ್ಚೂ ಕಲ್ಯಾಣ ಯೋಜನೆಯದೇ ಖರ್ಚು ಎಂದು ಬಜೆಟ್ಟಿನಲ್ಲಿ ಏಕೆ ಬರೆಯಬಾರದು ಎಂಬುದು ನನ್ನ ಪ್ರಶ್ನೆ. ಬಲ್ಲವರು ವಿವರವಾಗಿ ಬರೆಯಬೇಕು.

ಭದ್ರಾವತಿಯ ವ್ಯಾಪಾರಿ

ಮೇಷ್ಟ್ರ ಪ್ರಶ್ನೆ ಸರಿಯಾಗಿದೆ, ಆದರೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಗ್ಯಾರಂಟಿಗಳಿಗೆ ವರ್ಷಕ್ಕೆ ಐವತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ ಹೋದರೆ ರಸ್ತೆಗೆ, ಸೇತುವೆಗೆ, ಕೇಬಲ್ಲಿಗೆ ಉಳಿಯುವುದೇನು? ಬಡವರಿಗೆ ಕೊಡುವುದನ್ನು ನಾನು ವಿರೋಧಿಸುವವನಲ್ಲ. ತೋಟ, ಅಂಗಡಿ, ಬಾಡಿಗೆಯ ಆದಾಯವಿದ್ದವರ ಮನೆಗೂ ಗೃಹಲಕ್ಷ್ಮಿಯ ಅದೇ ಎರಡು ಸಾವಿರ ಹೋಗುತ್ತಿದೆ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರನ್ನು ಹೊರಗಿಟ್ಟಿದ್ದೇವೆ ಎಂದು ಸರ್ಕಾರ ಹೇಳುತ್ತದೆ, ಸರಿ. ಆದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ ನಾಡಿನಲ್ಲಿ ಆ ಜರಡಿಗೆ ದೊಡ್ಡ ಅಡಿಕೆ ತೋಟದವರು ಸಿಗುವುದಿಲ್ಲ. ಮೊದಲು ಫಲಾನುಭವಿಗಳ ಪಟ್ಟಿಯನ್ನು ಸರಿಪಡಿಸಿ, ಉಳಿದ ಹಣವನ್ನು ಶಾಶ್ವತ ಕೆಲಸಕ್ಕೆ ಹಾಕಬೇಕು.

ನಿವೃತ್ತ ಲೆಕ್ಕಾಧಿಕಾರಿ, ಸಾಗರ

ಅಂಕಿಗಳನ್ನು ಒಮ್ಮೆ ಎದುರಿಗಿಟ್ಟುಕೊಂಡರೆ ಮಾತು ಹಾದಿಗೆ ಬರುತ್ತದೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ರಸ್ತೆ, ಸೇತುವೆಗಳಂಥ ಶಾಶ್ವತ ಕೆಲಸಕ್ಕೆ ಹೋಗುವ ಬಂಡವಾಳ ವೆಚ್ಚ 71,336 ಕೋಟಿ, ಸಾಲದ ಮರುಪಾವತಿ 26,474 ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ: ಗೃಹಲಕ್ಷ್ಮಿಗೆ 28,608, ಗೃಹಜ್ಯೋತಿಗೆ 10,100, ಅನ್ನಭಾಗ್ಯಕ್ಕೆ 6,426, ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿಗೆ 5,300, ಯುವನಿಧಿಗೆ 600 ಕೋಟಿ. ಅಂದರೆ ಒಟ್ಟು ಬಜೆಟ್ಟಿನ ಎಂಟನೆಯ ಒಂದು ಭಾಗದಷ್ಟು. ಬಂಡವಾಳ ವೆಚ್ಚ ಅದಕ್ಕಿಂತ ಇಪ್ಪತ್ತು ಸಾವಿರ ಕೋಟಿಯಷ್ಟು ಹೆಚ್ಚೇ ಇದೆ. ಹಾಗಾಗಿ ಗ್ಯಾರಂಟಿಯಿಂದಾಗಿ ಏನೂ ಉಳಿದಿಲ್ಲ ಎನ್ನುವ ಮಾತು ಲೆಕ್ಕಕ್ಕೆ ಹೊಂದುವುದಿಲ್ಲ.

ಭದ್ರಾವತಿಯವರ ಆತಂಕದಲ್ಲಿ ಹುರುಳಿಲ್ಲವೆಂದು ಇದರ ಅರ್ಥವಲ್ಲ. ಅದೇ ಬಜೆಟ್ಟಿನಲ್ಲಿ 19,262 ಕೋಟಿಯ ರಾಜಸ್ವ ಕೊರತೆಯಿತ್ತು, 1,16,000 ಕೋಟಿ ಸಾಲ ಎತ್ತುವ ಅಂದಾಜಿತ್ತು. ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮದಂತೆ ವಿತ್ತೀಯ ಕೊರತೆ (ಸಾಲ ಮಾಡಿ ತುಂಬಬೇಕಾದ ಒಟ್ಟು ಕೊರತೆ) ರಾಜ್ಯದ ಆಂತರಿಕ ಉತ್ಪನ್ನದ ಶೇ. 3ನ್ನು, ಒಟ್ಟು ಹೊಣೆಗಾರಿಕೆ ಶೇ. 25ನ್ನು ದಾಟಬಾರದು. ಬಜೆಟ್ಟಿನಲ್ಲಿ ತೋರಿಸಿದ್ದು ಕ್ರಮವಾಗಿ ಶೇ. 2.95 ಮತ್ತು ಶೇ. 24.91. ಬೇಲಿಗೆ ಮೈ ತಾಗುವಷ್ಟು ಹತ್ತಿರಕ್ಕೆ ಬಂದು ನಿಂತಿದ್ದೇವೆ. ರಾಜಸ್ವ ಕೊರತೆಯೆಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ನಿತ್ಯದ ಖರ್ಚಿಗೇ ಸಾಲ ಮಾಡುವ ಸ್ಥಿತಿ. ಅದು ಹಲವು ವರ್ಷ ಮುಂದುವರಿದರೆ ಮೊದಲು ಕತ್ತರಿ ಬೀಳುವುದು ದುರಸ್ತಿ ಮತ್ತು ನಿರ್ವಹಣೆಯ ಬಾಬತ್ತಿಗೆ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ. ಕೆಟ್ಟ ಬ್ಯಾಟರಿ ಬದಲಿಸಿದ್ದಕ್ಕೆ ಯಾವ ಕಲ್ಲೂ ಇರುವುದಿಲ್ಲ. ನಮ್ಮ ಕಡೆಯ ನೆಟ್‌ವರ್ಕ್ ಕೆಡುತ್ತಿರುವುದು ಬಹುಮಟ್ಟಿಗೆ ಈ ನಿರ್ವಹಣೆಯ ಜಾಗದಲ್ಲೇ ಎಂಬುದು ನನ್ನ ಅಭಿಪ್ರಾಯ.

ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯೆ, ತೀರ್ಥಹಳ್ಳಿ

ಹೆಂಗಸರ ಎರಡು ಸಾವಿರವನ್ನು ಒಂದು ತಕ್ಕಡಿಯಲ್ಲಿ, ಮೊಬೈಲ್ ಟವರನ್ನು ಇನ್ನೊಂದು ತಕ್ಕಡಿಯಲ್ಲಿ ಇಟ್ಟು ತೂಗುವುದನ್ನು ನಾನು ಒಪ್ಪುವುದಿಲ್ಲ. 28,608 ಕೋಟಿಯನ್ನು ವರ್ಷದ 24,000 ರೂಪಾಯಿಯಿಂದ ಭಾಗಿಸಿದರೆ ಸುಮಾರು 1 ಕೋಟಿ 19 ಲಕ್ಷ ಮಹಿಳೆಯರಾಗುತ್ತಾರೆ. ನಮ್ಮ ವಾರ್ಡಿನಲ್ಲಿ ಅಡಿಕೆ ಸುಲಿಯಲು ಹೋಗುವ ಹೆಂಗಸರಿಗೆ ಕೊಯ್ಲು ಮುಗಿದ ಮೇಲೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕೈಯಲ್ಲಿ ಕಾಸು ಓಡಾಡುವುದಿಲ್ಲ. ಆ ತಿಂಗಳುಗಳಲ್ಲಿ ಬಂದ ಹಣ ಮಕ್ಕಳ ಕೊಡೆಗೆ, ಪುಸ್ತಕಕ್ಕೆ, ಸ್ವಸಹಾಯ ಸಂಘದ ಕಂತಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಜಮಾನಿಯ ಹೆಸರಿಗೇ ಹಣ ಬರುವುದರಿಂದ ಮನೆಯೊಳಗೆ ಅವಳ ಮಾತಿಗೆ ತೂಕ ಬಂದಿದೆ.

ನನ್ನ ದೂರು ಬೇರೆ. ಯಾವುದೋ ಒಂದು ತಿಂಗಳು ಹಣ ಬಾರದಿದ್ದರೆ ಏಕೆ ಬರಲಿಲ್ಲವೆಂದು ತಿಳಿಯಲು ಅವಳಿಗೆ ಅಲೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ಬ್ಯಾಂಕಿನವರು ಆಧಾರ್ ಜೋಡಣೆ ನೋಡಿಸಿ ಎನ್ನುತ್ತಾರೆ, ಸೇವಾ ಕೇಂದ್ರದವರು ಸರ್ವರ್ ಇಲ್ಲ, ನಾಳೆ ಬನ್ನಿ ಎನ್ನುತ್ತಾರೆ. ಹಾಗೆ ಅಲೆಯುವ ದಿನ ಅವಳ ಕೂಲಿಯೂ ಹೋಗುತ್ತದೆ. ಆ ಕೂಲಿಯ ನಷ್ಟ ಯಾವ ಬಜೆಟ್ ಪುಸ್ತಕದಲ್ಲೂ ಕಾಣಿಸುವುದಿಲ್ಲ.

ನ್ಯಾಯಬೆಲೆ ಅಂಗಡಿ ನಡೆಸುವವರು, ಸಾಗರ ತಾಲ್ಲೂಕು

ಅಕ್ಕ ಹೇಳಿದ ಅಡಿಕೆ ಸುಲಿಯುವ ಕೆಲಸದ ಮಾತು ಬಂದದ್ದರಿಂದ ಒಂದನ್ನು ಹೇಳಲೇಬೇಕು. ಸುಗ್ಗಿಯ ಕಾಲದಲ್ಲಿ ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು ಅಡಿಕೆಯ ಚೊಗರು ಹಿಡಿದು ಕಪ್ಪಾಗಿರುತ್ತದೆ, ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಯಂತ್ರ ಆ ಹೆಬ್ಬೆಟ್ಟನ್ನು ಓದುವುದಿಲ್ಲ. ಬಲಗೈಯ ಬೆರಳು, ಎಡಗೈಯ ಬೆರಳು, ತೊಳೆದು ಒರೆಸಿ ಮತ್ತೊಮ್ಮೆ, ಹೀಗೆ ಪ್ರಯತ್ನಿಸುವಷ್ಟರಲ್ಲಿ ಇದ್ದ ಒಂದು ಕಡ್ಡಿ ಸಿಗ್ನಲ್ಲೂ ಹೋಗಿರುತ್ತದೆ. ಬೆರಳು ಬಾರದಿದ್ದರೆ ಮೊಬೈಲಿಗೆ ಒಟಿಪಿ ತರಿಸಬಹುದು, ಆದರೆ ಆ ಮೊಬೈಲಿಗೂ ಅದೇ ಟವರ್ ಸಿಗಬೇಕು.

ಅಂಗಡಿಯೊಳಗೆ ಸಿಗ್ನಲ್ ಸಿಗದ ಕಾರಣ ಯಂತ್ರವನ್ನು ಎತ್ತಿಕೊಂಡು ಧರೆಯ ಮೇಲಿನ ಹಲಸಿನ ಮರದ ಬುಡಕ್ಕೆ ಹೋಗುತ್ತೇವೆ. ವಯಸ್ಸಾದವರು ಅಲ್ಲಿಯವರೆಗೆ ಕೋಲೂರಿ ಬಂದು ಬೆರಳೊತ್ತಿ, ಚೀಟಿ ಪಡೆದು, ಮತ್ತೆ ಕೆಳಗಿಳಿದು ಅಕ್ಕಿ ತೆಗೆದುಕೊಳ್ಳಬೇಕು. ನೆಟ್‌ವರ್ಕ್ ಅಥವಾ ಬೆರಳಚ್ಚಿನ ತೊಂದರೆಯಿಂದ ಯಾರಿಗೂ ಪಡಿತರ ನಿರಾಕರಿಸಬಾರದೆಂದು, ಅಂಥವರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಧಾನ್ಯ ಕೊಡಬೇಕೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಆದರೆ ಹಾಗೆ ಕೊಟ್ಟ ಅಕ್ಕಿಯ ಲೆಕ್ಕ ಯಂತ್ರದಲ್ಲಿ ಕಾಣಿಸುವುದಿಲ್ಲ. ದಾಸ್ತಾನು ತಾಳೆ ನೋಡುವವರು ಬಂದಾಗ ಉತ್ತರ ಕೊಡಬೇಕಾದವರು ನಾವು. ಆ ಭಯಕ್ಕೇ ಹೆಚ್ಚಿನ ಅಂಗಡಿಯವರು ಪುಸ್ತಕದ ತಂಟೆಗೆ ಹೋಗುವುದಿಲ್ಲ. ಪುಸ್ತಕದಲ್ಲಿ ಬರೆದು ಕೊಟ್ಟದ್ದನ್ನು ಮಾನ್ಯ ಮಾಡುತ್ತೇವೆಂದು ಇಲಾಖೆ ಲಿಖಿತವಾಗಿ ಹೇಳಿದರೆ ನಾಳೆಯಿಂದಲೇ ಆ ಹಲಸಿನ ಮರದ ಪ್ರಯಾಣ ನಿಲ್ಲುತ್ತದೆ. ಇದಕ್ಕೆ ಟವರೂ ಬೇಡ, ಬಜೆಟ್ಟೂ ಬೇಡ.

ಬೆಂಗಳೂರಿನಲ್ಲಿರುವ ಕೊಪ್ಪದ ಹುಡುಗ

ಹಿರಿಯರೆಲ್ಲರೂ ಕ್ಷಮಿಸಬೇಕು, ಒಂದು ಮೂಲಭೂತ ಸಂಗತಿ ಬಿಟ್ಟುಹೋಗುತ್ತಿದೆ. ದೂರಸಂಪರ್ಕವು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 31ನೇ ನಮೂದು. ಹಳ್ಳಿಗಳಿಗೆ ಸಂಪರ್ಕ ಕೊಡಲೆಂದೇ ದೂರಸಂಪರ್ಕ ಕಂಪನಿಗಳ ವರಮಾನದಿಂದ ಸಂಗ್ರಹವಾಗುವ ನಿಧಿಯೊಂದು ಕೇಂದ್ರದ ಬಳಿ ಇದೆ. 2023ರ ದೂರಸಂಪರ್ಕ ಕಾಯ್ದೆಯ ನಂತರ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಅದೇ ಈಗಿನ ಭಾರತ್‌ನೆಟ್. 2023ರ ಆಗಸ್ಟಿನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. 4ಜಿ ಇಲ್ಲದ 24,680 ಹಳ್ಳಿಗಳಿಗೆ ಸೇವೆ ಕೊಡಲು 2022ರ ಜುಲೈನಲ್ಲಿ 26,316 ಕೋಟಿ ಮಂಜೂರಾಯಿತು, ಅದನ್ನು ಜಾರಿ ಮಾಡುವ ಹೊಣೆ ಬಿಎಸ್‌ಎನ್‌ಎಲ್‌ನದು. ಹೀಗಿರುವಾಗ ರಾಜ್ಯದ ಬಜೆಟ್ಟನ್ನು ಹಿಡಿದು ಎಳೆಯುವುದಕ್ಕಿಂತ ಸಂಸದರನ್ನು ಕೇಳುವುದು ಸರಿಯಾದ ಬಾಗಿಲು ತಟ್ಟಿದಂತಲ್ಲವೇ?

ಕೇಬಲ್ ಮತ್ತು ಫೈಬರ್ ಕೆಲಸ ಮಾಡುವವರು, ತೀರ್ಥಹಳ್ಳಿ

ತಮ್ಮಾ, ಕಾಗದದ ಮೇಲೆ ನೀನು ಹೇಳಿದ್ದೆಲ್ಲ ನಿಜ. ನೆಲದ ಮೇಲೆ ಏನಾಗುತ್ತದೆಂದು ನಾನು ಹೇಳುತ್ತೇನೆ, ಏಕೆಂದರೆ ನನ್ನ ಹೊಟ್ಟೆಪಾಡೇ ಅದು.

ಪಂಚಾಯಿತಿ ಕಚೇರಿಯವರೆಗೆ ಫೈಬರ್ ಬಂದಿದೆ. ಗೋಡೆಯ ಮೇಲೆ ಪೆಟ್ಟಿಗೆಯೂ ಇದೆ. ರಸ್ತೆ ಅಗಲಿಸುವವರ ಜೆಸಿಬಿ ಚರಂಡಿ ತೆಗೆಯುವಾಗ ಒಮ್ಮೆ, ಮನೆ ಮನೆಗೆ ನಲ್ಲಿ ಹಾಕುವ ಕಾಮಗಾರಿಯವರು ಅಗೆಯುವಾಗ ಇನ್ನೊಮ್ಮೆ ಕೇಬಲ್ ತುಂಡಾಗುತ್ತದೆ. ತುಂಡಾದದ್ದು ಎಲ್ಲಿ ಎಂದು ಹುಡುಕಿ, ಸ್ಪ್ಲೈಸಿಂಗ್ ಯಂತ್ರ ತಂದು, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು. ಆಗುಂಬೆಯ ಮಳೆಯಲ್ಲಿ ಆ ಎಳೆಗೆ ಒಂದು ಹನಿ ತೇವ ತಾಗಿದರೂ ಕೆಲಸ ಕೆಟ್ಟಿತು. ಟಾರ್ಪಾಲಿನ ಕೆಳಗೆ ಕೂತು ಆ ಕೆಲಸ ಮಾಡುವವನಿಗೆ ಕೂಲಿ ಕೊಡಬೇಕಾದವರು ಯಾರು ಎಂಬುದೇ ತೀರ್ಮಾನವಾಗಿರುವುದಿಲ್ಲ. ಅಗೆದವರು ರಾಜ್ಯದ ಇಲಾಖೆಯ ಗುತ್ತಿಗೆದಾರರು, ಕೇಬಲ್ ಕೇಂದ್ರದ್ದು, ಪೆಟ್ಟಿಗೆ ಪಂಚಾಯಿತಿಯ ಗೋಡೆಯ ಮೇಲಿದೆ. ಕೇಬಲ್ ವಾರಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆಯಷ್ಟೇ ತಾಳುತ್ತದೆ. ಹೊಸ ಬ್ಯಾಟರಿಯಾದರೂ ಒಂದಿಡೀ ರಾತ್ರಿ ಎಳೆದರೆ ಹೆಚ್ಚು. ಕರೆಂಟ್ ಎರಡು ಮೂರು ದಿನ ಬಾರದ ಕಡೆ ಟವರೂ ಅಷ್ಟೇ ದಿನ ಸತ್ತಿರುತ್ತದೆ. 108 ಆಂಬುಲೆನ್ಸಿಗೆ ಕರೆ ಮಾಡಬೇಕಾದ ಸಂದರ್ಭ ಹೆಚ್ಚು ಬರುವುದೂ ಅದೇ ದಿನಗಳಲ್ಲಿ.

ಇನ್ನೊಂದು ಮಾತು ಹಳ್ಳಿಯ ಲೆಕ್ಕದ್ದು. ಬಯಲುಸೀಮೆಯಲ್ಲಿ ಊರೆಂದರೆ ಮನೆಗಳೆಲ್ಲ ಒಂದೇ ಕಡೆ ಇರುತ್ತವೆ, ಟವರ್ ಹಾಕಿದರೆ ಊರಿಗೆ ಊರೇ ಸಿಗುತ್ತದೆ. ನಮ್ಮಲ್ಲಿ ಒಂದು ಕಂದಾಯ ಗ್ರಾಮವೆಂದರೆ ಗುಡ್ಡದ ಈಚೆ ಆರು ಮನೆ, ಕಾನಿನ ಆಚೆ ನಾಲ್ಕು ಮನೆ, ಹಳ್ಳ ದಾಟಿದರೆ ಒಂಟಿಮನೆ. ರಸ್ತೆಯ ಪಕ್ಕದ ಆರು ಮನೆಗೆ ಸಿಗ್ನಲ್ ಬಂದರೆ ಕಾಗದದಲ್ಲಿ ಇಡೀ ಗ್ರಾಮಕ್ಕೇ ನೆಟ್‌ವರ್ಕ್ ಇದೆ. ಉಳಿದವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಹಾಗಾಗಿ ಯಾವ ಯೋಜನೆಯೂ ಅವರ ಕಡೆ ತಿರುಗುವುದಿಲ್ಲ.

ಶರಾವತಿ ಹಿನ್ನೀರಿನ ಆಚೆಯ ನಿವಾಸಿ

ಮೇಲಿನವರು ಹೇಳಿದ್ದಕ್ಕೆ ನಮ್ಮ ಕರೂರು ಹೋಬಳಿಯೇ ಸಾಕ್ಷಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಅರುವತ್ತು ವರ್ಷ ಲಾಂಚಿಗೆ ಕಾದು ಬದುಕಿದವರು ನಾವು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ನಾಡಿನ ದೀಪಕ್ಕಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳ ಮೊಮ್ಮಕ್ಕಳು 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಅದಾದ ಮೇಲೆ ಮಲೆನಾಡಿನ ಊರುಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜನ ಫಲಕ ಹಿಡಿದದ್ದು ಸುಮ್ಮನೆ ಅಲ್ಲ. ಅಧಿಕಾರಿಗಳು ಬಂದು ಮಾತಾಡಿಸಿ ಹೋದರು. ಸೇತುವೆಗಾಗಿ ನಾವು ಕಾದಷ್ಟು ಕಾಲ ನಮ್ಮ ಮಕ್ಕಳು ನೆಟ್‌ವರ್ಕಿಗೆ ಕಾಯುವಂತಾಗಬಾರದು ಎಂಬುದೊಂದೇ ನನ್ನ ಕೋರಿಕೆ.

ಬೆಂಗಳೂರಿನಲ್ಲಿರುವ ಕೊಪ್ಪದ ಹುಡುಗ

ಫೈಬರ್ ಕೆಲಸದ ಅಣ್ಣನವರ ವಿವರಣೆಗೆ ಧನ್ಯವಾದ. ಹಾಗಾದರೆ ರಾಜ್ಯದ ಪಾಲಿಗೆ ಬರುವ ಕೆಲಸ ಸಾಕಷ್ಟಿದೆ ಎಂದಾಯಿತು. ನೆರೆಯ ಕೇರಳ 2023ರ ಜೂನ್ 5ರಂದು ಕೆ-ಫೋನ್ ಎಂಬ ತನ್ನದೇ ಫೈಬರ್ ಜಾಲವನ್ನು ಉದ್ಘಾಟಿಸಿತು. ಅದಕ್ಕೆ ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿಕೊಂಡಿದೆ. ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಅದರ ಗುರಿ ಇನ್ನೂ ದೂರವಿದೆ, ಅದನ್ನೂ ಹೇಳಲೇಬೇಕು. ಆದರೂ ಕೇಂದ್ರ ಪಟ್ಟಿಯ ವಿಷಯವೆಂದು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೆ ಅದು ಉದಾಹರಣೆ. ನಮ್ಮ ಕಡೆಯ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಕಂಬ ಇಲ್ಲದ ಒಂಟಿಮನೆ ನಮ್ಮಲ್ಲೂ ಈಗ ವಿರಳ. ನ್ಯಾಯಾಲಯಗಳೂ ಡಿಜಿಟಲ್ ಸೇವೆ ಸಿಗುವುದನ್ನು ಬರಿಯ ಅನುಕೂಲವೆಂದು ಬಗೆದಿಲ್ಲ. ಇ-ಕೆವೈಸಿ ಮಾಡಿಸಿಕೊಳ್ಳಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿದೆ.

ನಿವೃತ್ತ ಲೆಕ್ಕಾಧಿಕಾರಿ, ಸಾಗರ

ಈಗ ನನ್ನ ಕೈಲಾದ ಲೆಕ್ಕವೊಂದನ್ನು ಹಾಕುತ್ತೇನೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಆರು ಸಾವಿರದ ಹತ್ತಿರ ಇವೆ. ಪ್ರತಿ ಪಂಚಾಯಿತಿಗೆ ಸಂಪರ್ಕದ ನಿರ್ವಹಣೆಗೆಂದೇ ವರ್ಷಕ್ಕೆ ಎರಡು ಲಕ್ಷ ರೂಪಾಯಿ ಕೊಟ್ಟರೆ ಒಟ್ಟು 120 ಕೋಟಿ ರೂಪಾಯಿ ಆಗುತ್ತದೆ. ಎರಡು ಲಕ್ಷ ಎಂಬುದು ನನ್ನ ಅಂದಾಜು. ಘಟ್ಟದ ಪಂಚಾಯಿತಿಗೆ ಹೆಚ್ಚು ಬೇಕಾದೀತು, ಬಯಲಿನದಕ್ಕೆ ಕಡಿಮೆ ಸಾಕಾದೀತು. ಆದರೂ ಅದು ಗ್ಯಾರಂಟಿಗಳ 51,034 ಕೋಟಿಯ ಶೇ. 0.25ರಷ್ಟೂ ಅಲ್ಲ. ಆ ಹಣದಿಂದ ಪಂಚಾಯಿತಿಯಿಂದ ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ನ್ಯಾಯಬೆಲೆ ಅಂಗಡಿಗಳಿಗೆ ಎಳೆದ ಲೈನಿನ ತಿಂಗಳ ಬಾಡಿಗೆ, ಬ್ಯಾಟರಿ, ತುಂಡಾದ ಕೇಬಲ್ ಬೆಸೆಯುವವರ ಕೂಲಿ ಎಲ್ಲವೂ ನಡೆಯಬೇಕು. ಹೊಸ ಟವರ್ ಕೇಂದ್ರದಿಂದ ಬರಲಿ, ಅದಕ್ಕಾಗಿ ಸಂಸದರನ್ನು ಕೇಳೋಣ. ಇರುವುದನ್ನು ಜೀವಂತವಾಗಿ ಇಟ್ಟುಕೊಳ್ಳುವ ಖರ್ಚನ್ನು ರಾಜ್ಯವೇ ಹೊರಬೇಕು, ಅದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆ, ಅಂದರೆ ಆ ಖರ್ಚಿಗೆಂದೇ ಒಂದು ಬಾಬತ್ತು ಇರಬೇಕು. ಶೀರ್ಷಿಕೆ ಇಲ್ಲದ ಖರ್ಚನ್ನು ಯಾವ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂಡ ಧೈರ್ಯವಾಗಿ ಮಾಡಲಾರರು, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ.

ಭದ್ರಾವತಿಯವರು ಹೇಳಿದ ಪಟ್ಟಿಯ ಪರಿಷ್ಕರಣೆಗೆ ನನ್ನ ಸಹಮತವಿದೆ. ಆದರೆ ಅದನ್ನೂ ಆನ್‌ಲೈನ್ ಇ-ಕೆವೈಸಿಯ ಮೂಲಕವೇ ಮಾಡಿದರೆ ಪಟ್ಟಿಯಿಂದ ಮೊದಲು ಬೀಳುವವರು ತೋಟದ ಒಡೆಯರಲ್ಲ, ಸಿಗ್ನಲ್ ಇಲ್ಲದ ಕೂಲಿಕಾರರು.

ಭದ್ರಾವತಿಯ ವ್ಯಾಪಾರಿ

ಆ ಕೊನೆಯ ಮಾತನ್ನು ನಾನು ಯೋಚಿಸಿರಲಿಲ್ಲ. ಪರಿಷ್ಕರಣೆ ಬೇಕೆಂಬ ನಿಲುವು ನನ್ನದು ಈಗಲೂ ಹಾಗೆಯೇ ಇದೆ. ಗ್ರಾಮಸಭೆಯಲ್ಲಿ ಹೆಸರು ಓದಿ, ಜನರ ಮುಂದೆ ಮಾಡಲಿ. ಶಕ್ತಿ ಯೋಜನೆಯ ಬಗ್ಗೆ ಯಾರೂ ಬರೆದಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಉಚಿತ ಟಿಕೆಟ್ ಇಲ್ಲ. ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಅಲ್ಲಿಯ ಹೆಂಗಸರು ಪಡಿತರದ ಹೆಬ್ಬೆಟ್ಟಿಗೂ ಬ್ಯಾಂಕಿಗೂ ಟಿಕೆಟ್ ಕೊಟ್ಟೇ ಅಲೆಯುತ್ತಿದ್ದಾರೆ.

ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯೆ, ತೀರ್ಥಹಳ್ಳಿ

ಇಲ್ಲಿ ಬಂದ ಮಾತುಗಳನ್ನು ಮುಂದಿನ ಗ್ರಾಮಸಭೆಗೆ ಒಯ್ಯುತ್ತೇನೆ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿದ ಮಾತಿಗೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ, ಬಾಯಿಮಾತಿಗೆ ಅಂಥ ಬಲವಿಲ್ಲ. ಮೊದಲನೆಯದಾಗಿ ಪಡಿತರದ ಪುಸ್ತಕವನ್ನು ಮಾನ್ಯ ಮಾಡುವ ಲಿಖಿತ ಆದೇಶ ಕೇಳೋಣ, ಅದಕ್ಕೆ ದುಡ್ಡು ಬೇಡ. ಆಮೇಲೆ ಲೆಕ್ಕಾಧಿಕಾರಿಗಳು ಹೇಳಿದ ಪ್ರತ್ಯೇಕ ಶೀರ್ಷಿಕೆ. ರಸ್ತೆ ಅಗೆಯುವ ಗುತ್ತಿಗೆದಾರರು ಕೇಬಲ್ ತುಂಡು ಮಾಡಿದರೆ ಬಿಲ್ಲು ಪಾಸಾಗುವ ಮುಂಚೆ ಅದನ್ನು ಸರಿಪಡಿಸಿಕೊಡಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಬೇಕೆಂದೂ ಕೇಳಬೇಕು. ಶಿವಮೊಗ್ಗದಲ್ಲೇ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಕಾಲುಸಂಕ ಕಟ್ಟಿಸಿಕೊಡುತ್ತದೆ. ಒಂಟಿಮನೆಗಳ ಫೈಬರಿಗೂ ಅದರ ಅನುದಾನವನ್ನು ತೆರೆಯಬಹುದೇ ಎಂದು ವಿಚಾರಿಸಬೇಕು.

ಹೊಸನಗರ ತಾಲ್ಲೂಕಿನ ಶಿಕ್ಷಕ

ಎಲ್ಲರಿಗೂ ವಂದನೆಗಳು. ಫೈಬರ್ ಕೆಲಸದವರು ಹೇಳಿದ ಒಂಟಿಮನೆಗಳ ಲೆಕ್ಕವನ್ನು ನಾವೇ ತಯಾರಿಸಿದರೆ ಅಕ್ಕನ ಅರ್ಜಿಗೆ ಬಲ ಬರುತ್ತದೆ. ಕಂದಾಯ ಗ್ರಾಮದ ಹೆಸರು ಸಾಲದು, ಅದರೊಳಗಿನ ಮಜರೆಯ, ಅಂದರೆ ಬಿಡಿ ಬಿಡಿಯಾದ ಸಣ್ಣ ಊರಿನ ಹೆಸರು ಬೇಕು. ಅಲ್ಲಿ ಎಷ್ಟು ಮನೆಗಳಿವೆ, ಮನೆಯೊಳಗೆ ಕರೆ ಸಿಗುತ್ತದೆಯೇ, ಸಿಗದಿದ್ದರೆ ಸಿಗುವ ಹತ್ತಿರದ ಜಾಗ ಯಾವುದು, ಕರೆಂಟ್ ಹೋದ ಮೇಲೆ ಎಷ್ಟು ಹೊತ್ತು ಸಿಗ್ನಲ್ ಉಳಿಯುತ್ತದೆ, ಪಡಿತರ ಅಂಗಡಿ ಎಷ್ಟು ದೂರ ಎಂಬಿಷ್ಟನ್ನು ಬರೆದು ಇಲ್ಲಿಯೇ ಹಾಕಿ. ಯಾರ ಹೆಸರೂ ಫೋನ್ ನಂಬರೂ ಬೇಡ. ಇಲಾಖೆಗಳು ಮುಂದಿನ ವರ್ಷದ ಬಜೆಟ್ ಪ್ರಸ್ತಾವಗಳನ್ನು ಸಿದ್ಧಪಡಿಸುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಅದಕ್ಕಿಂತ ಮೊದಲೇ ಈ ಪಟ್ಟಿಯ ಒಂದು ಪ್ರತಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಇನ್ನೊಂದು ಶಾಸಕರಿಗೆ, ಮತ್ತೊಂದು ಸಂಸದರಿಗೆ ತಲುಪಬೇಕು. ಸಾಗರದ ಲೆಕ್ಕಾಧಿಕಾರಿಗಳು ಅರ್ಜಿಯ ಕರಡನ್ನು ಒಮ್ಮೆ ನೋಡಿಕೊಡಬೇಕೆಂದು ವಿನಂತಿ.